ಬಾಳೆಲೆಯ ಮುಂದೆ ಇಂಜಿನಿಯರಿಂಗ್

ಕಲಿತವರು ನಾಲ್ಕು ಜನ ಸೇರಿದಲ್ಲಿ ಬಾಳೆಲೆಯನ್ನೂ ಮೈಕನ್ನೂ ಒಟ್ಟಿಗೆ ಇಟ್ಟರೆ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ಇದು ಎಲ್ಲೋ ಓದಿ ಹೇಳುತ್ತಿರುವುದಲ್ಲ, ಎದುರು ಕೂತು ಉಂಡು ಹೇಳುತ್ತಿರುವುದು.

ಉಡುಪಿಯಲ್ಲಿ ನನ್ನದು ಸಿಮೆಂಟು, ಕಬ್ಬಿಣ, ಪೈಪುಗಳ ಅಂಗಡಿ. ಎಪ್ಪತ್ತರ ದಶಕದಲ್ಲಿ ನಮ್ಮ ಕಡೆಯ ಇಂಜಿನಿಯರುಗಳು ಒಂದು ಸಂಘ ಮಾಡಿಕೊಂಡರು. ತಿಂಗಳಿಗೊಮ್ಮೆ ನನ್ನ ಅಂಗಡಿಯ ಎದುರಿನ ಹೋಟೆಲಿನ ಮಾಳಿಗೆಯಲ್ಲಿ ಊಟ, ಊಟದ ಜೊತೆಗೆ ಒಂದು ಉಪನ್ಯಾಸ. ಸಂಘದ ಕಾರ್ಯದರ್ಶಿ ಮಣಿಪಾಲದ ಕಾಲೇಜಿನ ಎಳೆಯ ಮೇಷ್ಟ್ರು. ಮುಂಬಯಿಯ ಯಾವುದೋ ದೊಡ್ಡ ಹೋಟೆಲಿನಲ್ಲಿ ಜನ ಚಮಚದಲ್ಲಿ ತಿನ್ನುತ್ತಾ ತಾಂತ್ರಿಕ ಭಾಷಣ ಕೇಳುವುದನ್ನು ನೋಡಿ ಬಂದು, 'ನಮ್ಮಲ್ಲಿಯೂ ಇದು ಆಗಬೇಕು' ಎಂದು ಹಠ ಹಿಡಿದವರು.

ನಾನು ಇಂಜಿನಿಯರ್ ಅಲ್ಲ. ಆದರೂ ಸಂಘ ನನ್ನನ್ನು ಹಿತೈಷಿ ಸದಸ್ಯ ಎಂದು ಸೇರಿಸಿಕೊಂಡಿತ್ತು. ಹಿತ ಎರಡೂ ಕಡೆಯದ್ದು. ಮನೆ ಕಟ್ಟಿಸುವವನು ಕಬ್ಬಿಣ ಎಲ್ಲಿಂದ ತರಲಿ ಎಂದು ಕೇಳುವುದು ಇಂಜಿನಿಯರನ್ನು. ಇಂಜಿನಿಯರಿಗೆ ಆಗ ನೆನಪಾಗುವುದು ಪಕ್ಕದಲ್ಲಿ ಕೂತು ಉಂಡವನ ಹೆಸರು.

ತೊಡಕು ಇದ್ದದ್ದು ಒಂದೇ. ಬೆಂಗಳೂರಿನ ಮುಖ್ಯ ಕಚೇರಿಯವರು ಮೊದಲೇ ಹೇಳಿಬಿಟ್ಟಿದ್ದರು: ಉಪನ್ಯಾಸಕ್ಕೆ ಜನ ಸೇರಿದರೆ ಉಡುಪಿ ಶಾಖೆ ಉಳಿಯುತ್ತದೆ, ಇಲ್ಲದಿದ್ದರೆ ಅದನ್ನು ಮಂಗಳೂರಿಗೆ ಸೇರಿಸುತ್ತೇವೆ. ಹಾಗಾದರೆ ಕಾರ್ಯದರ್ಶಿಯ ಮರ್ಯಾದೆ ಹೋಗುತ್ತಿತ್ತು. ನನ್ನದು ಮರ್ಯಾದೆಯ ಪ್ರಶ್ನೆಯಲ್ಲ. ಇಂಜಿನಿಯರುಗಳು ಮಂಗಳೂರಿನಲ್ಲಿ ಉಂಡರೆ ಮಂಗಳೂರಿನ ಅಂಗಡಿಯ ಹೆಸರು ಹೇಳುತ್ತಾರೆ, ಅಷ್ಟೆ. ಹಾಗಾಗಿ ಆ ಶಾಖೆ ಬದುಕಬೇಕು ಅಂತ ಇಡೀ ಊರಿನಲ್ಲಿ ಇಬ್ಬರಿಗೆ ಮಾತ್ರ ಚಿಂತೆ ಇತ್ತು. ಉಳಿದವರಿಗೆ ಪಾಯಸ ಯಾವುದು ಎಂಬ ಚಿಂತೆ.

ಹಿರಿಯರ ಉತ್ತರ

ಮೊದಲ ಉಪನ್ಯಾಸದ ದಿನ. ಉದ್ದದ ಮೇಜುಗಳು, ಎಲೆ ಹಾಕಿ ಆಗಿದೆ, ಅನ್ನ ಬಿದ್ದಿದೆ. ಮಣಿಪಾಲದ ಪ್ರೊಫೆಸರರೊಬ್ಬರು ಮೈಕಿನ ಮುಂದೆ ನಿಂತು ಕರಾವಳಿಯ ಕಟ್ಟಡಗಳ ಬಗ್ಗೆ ಶುರು ಮಾಡಿದರು. ಅವರು ಒಂದು ವಾಕ್ಯ ಹೇಳಿದರೆ, ಬಡಿಸುವ ಭಟ್ಟರು ಅದರ ನಡುವೆ 'ಸಾರು, ಸಾರು, ಸಾರು' ಎಂದು ಹಾದುಹೋಗುತ್ತಾರೆ. ಮುಂಬಯಿಯಲ್ಲಿ ಬಡಿಸುವವರು ಬಾಯಿ ಬಿಡುವುದಿಲ್ಲವಂತೆ. ನಮ್ಮಲ್ಲಿ ಬಾಯಿ ಬಿಡದೆ ಬಡಿಸಿದರೆ ಉಣ್ಣುವವರಿಗೆ ಸಿಟ್ಟು ಬರುತ್ತದೆ.

ಕಾರ್ಯದರ್ಶಿ ಓಡಿಹೋಗಿ, "ಭಟ್ಟರೇ, ಸ್ವಲ್ಪ ಮೆಲ್ಲಗೆ" ಎಂದರು.

"ಮೆಲ್ಲಗೆ ಹೇಳಿದರೆ ಸಾರು ಬೇಡ ಅನ್ನುವವರ ಎಲೆಗೂ ಬೀಳ್ತದೆ. ಆಮೇಲೆ ನನಗೆ ಹೇಳಬೇಡಿ" ಎಂದರು ಭಟ್ಟರು.

ಕೊನೆಯ ಮೂಲೆಯಲ್ಲಿ, ನನ್ನ ಪಕ್ಕಕ್ಕೆ, ಕಾರ್ಕಳದ ನಿವೃತ್ತ ಇಂಜಿನಿಯರೊಬ್ಬರು ಕೂತಿದ್ದರು. ಸರ್ಕಾರಿ ಕೆಲಸದಲ್ಲಿ ಸೇತುವೆಗಳನ್ನು ಕಟ್ಟಿದವರು, ನಮ್ಮಲ್ಲೆಲ್ಲ ಹಿರಿಯರು, ಕಿವಿ ಸ್ವಲ್ಪ ಮಂದ. ಅವರಿಗೆ ಭಾಷಣ ಮುಟ್ಟುತ್ತಲೇ ಇರಲಿಲ್ಲ. ಗಮನವೆಲ್ಲ ಎಲೆಯ ಮೇಲೆ. ಅತ್ತ ಪ್ರೊಫೆಸರರು ಕೈ ಎತ್ತಿ, "ನಮ್ಮ ಕಡಲ ಕಿನಾರೆಯಲ್ಲಿ ತಾರಸಿಯ ಕಬ್ಬಿಣ ಇಷ್ಟು ಬೇಗ ತುಕ್ಕು ಹಿಡಿಯಲು ಕಾರಣ ಏನು? ಯಾರಾದರೂ ಹೇಳುತ್ತೀರಾ?" ಎಂದು ಕೇಳಿದರು. ಎಲ್ಲರೂ ತಲೆ ತಗ್ಗಿಸಿ ಅನ್ನ ಕಲಸಿದರು.

ಅದೇ ಹೊತ್ತಿಗೆ ಹಿರಿಯರು ಗಟ್ಟಿಯಾಗಿ ಕೂಗಿದರು: "ಉಪ್ಪು!"

"ಶಹಭಾಸ್!" ಎಂದರು ಪ್ರೊಫೆಸರರು. "ಉಪ್ಪೇ ಕಾರಣ. ಕಾಂಕ್ರೀಟಿಗೆ ಹಾಕುವ ಕಡಲ ಮರಳು, ಆ ಹೊಯಿಗೆಯ ಉಪ್ಪು. ಒಂದೇ ಮಾತಿನಲ್ಲಿ ಹೇಳಿದರು. ಅನುಭವ ಅಂದರೆ ಇದು."

ಎಲ್ಲರೂ ಎಡಗೈಯಿಂದ ಮೇಜು ತಟ್ಟಿದರು. ಹಿರಿಯರು ನನ್ನ ಕಡೆ ಬಗ್ಗಿ ಕೇಳಿದರು: "ಎಂತ ಮಾರಾಯ್ರೇ, ಉಪ್ಪು ಕೇಳಿದ್ದಕ್ಕೆ ಇಷ್ಟು ಸಂತೋಷವಾ? ಮೊದಲು ಒಂದು ಚಿಟಿಕೆ ತಂದು ಹಾಕಲಿಕ್ಕೆ ಹೇಳಿ."

ಸೇತುವೆ ದಾಟದ ಪಂಕ್ತಿ

ಆ ಉತ್ತರದಿಂದ ಹಿರಿಯರ ಕೀರ್ತಿ ಎಷ್ಟು ಬೆಳೆಯಿತೆಂದರೆ ಮುಂದಿನ ತಿಂಗಳ ಉಪನ್ಯಾಸ ಅವರದ್ದೇ ಆಯಿತು. ವಿಷಯ, ಅವರು ಕಟ್ಟಿದ ಒಂದು ಸೇತುವೆ.

ಈ ಸಲ ಕಾರ್ಯದರ್ಶಿ ಭಟ್ಟರೊಡನೆ ಒಂದು ಒಪ್ಪಂದ ಮಾಡಿಕೊಂಡಿದ್ದರು. ಭಾಷಣ ಉದ್ದ ಆದರೆ ತಾವು ಕಣ್ಣಲ್ಲಿ ಸನ್ನೆ ಮಾಡುವುದು, ಭಟ್ಟರು ಮಜ್ಜಿಗೆ ತರುವುದು. ನಮ್ಮಲ್ಲಿ ಮಜ್ಜಿಗೆ ಬಂತೆಂದರೆ ಊಟ ಮುಗಿಯಿತು ಎಂದೇ ಅರ್ಥ, ಯಾವ ಭಾಷಣಕಾರನಾದರೂ ನಿಲ್ಲಿಸಲೇಬೇಕು. ಹಿರಿಯರಿಗೆ ನಿಲ್ಲಲಿಕ್ಕೆ ಕಾಲುನೋವು, ಹಾಗಾಗಿ ಎಲೆಯ ಮುಂದೆ ಕೂತೇ ಮಾತಾಡುತ್ತೇನೆ ಎಂದರು. ಅಲ್ಲಿಯೇ ನಾವು ಕೆಟ್ಟದ್ದು.

ಅವರು ಎರಡನೇ ಕಂಬದ ಅಡಿಪಾಯದಲ್ಲಿರುವಾಗ ಕಾರ್ಯದರ್ಶಿ ಸನ್ನೆ ಮಾಡಿದರು. ಮಜ್ಜಿಗೆ ಬಂತು. ಹಿರಿಯರು ಮಜ್ಜಿಗೆ ಹಾಕಿಸಿಕೊಂಡರು, ಉಂಡರು, ಮುಂದುವರಿಸಿದರು. ಪಂಕ್ತಿಯಲ್ಲಿ ಹಿರಿಯರು ಏಳದೆ ಬೇರೆ ಯಾರೂ ಏಳುವ ಕ್ರಮ ಇಲ್ಲ. ಅಲ್ಲಿದ್ದವರಲ್ಲಿ ಎಲ್ಲರಿಗಿಂತ ಹಿರಿಯರು ಅವರೇ. ಎಂಜಲು ಕೈ ಎತ್ತಿಹಿಡಿದುಕೊಂಡು ಇಡೀ ಇಂಜಿನಿಯರ್ ಸಮುದಾಯ ಹೊಳೆಯ ನಡುವೆ ಕೂತಿತು. ನನ್ನ ಬೆರಳುಗಳು ಒಣಗಿ ಒಂದಕ್ಕೊಂದು ಅಂಟಿಕೊಂಡವು. ಸಿಮೆಂಟ್ ಮಾರುವವನು ಹೇಳುತ್ತೇನೆ, ಮಜ್ಜಿಗೆ ಅನ್ನದ ಹಾಗೆ ಗಟ್ಟಿ ಹಿಡಿಯುವ ವಸ್ತು ಬೇರೆ ಇಲ್ಲ.

ಕಾಪುವಿನ ಗುತ್ತಿಗೆದಾರರೊಬ್ಬರು ನನ್ನ ಪಕ್ಕದಲ್ಲಿದ್ದರು. ಉಂಡ ಕೂಡಲೇ ಬೀಡಾ ಹಾಕದಿದ್ದರೆ ಜೀವ ಹೋಗುವ ಮನುಷ್ಯ. ಮೆಲ್ಲಗೆ ನನ್ನ ಕಿವಿಯಲ್ಲಿ, "ಆ ಹೊಳೆಗೆ ದೋಣಿ ಇರಲಿಲ್ಲವಾ? ಇವರು ಯಾಕೆ ಸೇತುವೆಗೆ ಹೋದದ್ದು?" ಎಂದರು.

ಕೊನೆಗೆ ನಮ್ಮನ್ನು ಬಿಡಿಸಿದವರು ಭಟ್ಟರು. ಬಾಲ್ದಿ, ಒರಸುವ ಬಟ್ಟೆ ಹಿಡಿದು ಬಂದು ಹಿರಿಯರ ಪಕ್ಕದಲ್ಲೇ ನಿಂತರು.

"ಏಳಿ ಸ್ವಾಮಿ, ಎರಡನೇ ಪಂಕ್ತಿಯವರು ಕಾಯ್ತಾ ಇದ್ದಾರೆ."

"ಎಂತ ಹೇಳ್ತೀರಿ ಭಟ್ಟರೇ, ಸೇತುವೆ ಇನ್ನೂ ಆಚೆ ದಡ ಮುಟ್ಟಲಿಲ್ಲ."

"ಹೊಳೆ ಎಲ್ಲಿಗೂ ಹೋಗುವುದಿಲ್ಲ, ಸ್ವಾಮಿ. ನೀವು ಕೈ ತೊಳೆದು ಬನ್ನಿ."

ಕರ್ಚೀಫುಗಳ ಸಭೆ

ಉಣ್ಣುವಾಗ ಭಾಷಣ ಆಗುವುದಿಲ್ಲ ಎಂದು ಕಾರ್ಯದರ್ಶಿಗೆ ಅರ್ಥವಾಯಿತು. ಮುಂದಿನ ಸಲದಿಂದ ಮೊದಲು ಭಾಷಣ, ಆಮೇಲೆ ಊಟ. ಭಾಷಣಕ್ಕೆ ಕೂತ ಕುರ್ಚಿಯಲ್ಲೇ ಊಟದ ಜಾಗ, ತಡವಾಗಿ ಬಂದವರಿಗೆ ಎರಡನೇ ಪಂಕ್ತಿ. ಎರಡನೇ ಪಂಕ್ತಿಗೆ ಪಾಯಸ ತೆಳ್ಳಗಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಇನ್ನು ಜನ ಬಾರದೆ ಎಲ್ಲಿ ಹೋಗುತ್ತಾರೆ ಎಂದು ಕಾರ್ಯದರ್ಶಿ ಖುಷಿಯಲ್ಲಿದ್ದರು.

ಆದರೆ ಇವರೆಲ್ಲ ಬೆಳಿಗ್ಗೆ ಸಂಜೆ ಕಾರ್ಕಳ, ಮಣಿಪಾಲದ ಬಸ್ಸಿನಲ್ಲಿ ಹೋಗಿ ಬರುವವರು. ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿದು ಅಭ್ಯಾಸ ಇದ್ದವರು. ಆ ದಿನ ಮಣಿಪಾಲದ ಇನ್ನೊಬ್ಬ ಪ್ರೊಫೆಸರರು ಮಾತಾಡಲಿಕ್ಕೆ ಎದ್ದು ನೋಡುತ್ತಾರೆ, ಮಾಳಿಗೆಯಲ್ಲಿ ಕುರ್ಚಿಗೊಂದು ಕರ್ಚೀಫು. ಮನುಷ್ಯರು ಅಂತ ಇದ್ದದ್ದು ಕಾರ್ಯದರ್ಶಿ, ನಾನು ಮತ್ತು ಮೊದಲೇ ನಿದ್ದೆ ಹೋಗಿದ್ದ ಹಿರಿಯರು. ಉಳಿದ ಸದಸ್ಯರೆಲ್ಲ ಕೆಳಗೆ ಗೋಳಿಬಜೆ, ಕಾಫಿ.

ಕಾರ್ಯದರ್ಶಿಯ ಮುಖ ಬಾಡಿಹೋಯಿತು. ಪ್ರೊಫೆಸರರು ಮಾತ್ರ ಅಲುಗಲಿಲ್ಲ. ಖಾಲಿ ಮಾಳಿಗೆಗೆ "ಗೌರವಾನ್ವಿತ ಸದಸ್ಯರೇ" ಎಂದು ಶುರು ಮಾಡಿ, ಬಾವಿ ನೀರಿನ ಬಗ್ಗೆ ಪೂರ್ತಿ ಭಾಷಣ ಮಾಡಿದರು. ಮುಗಿಸಿದ ಮೇಲೆ ಕುರ್ಚಿಯಿಂದ ಕುರ್ಚಿಗೆ ಹೋಗಿ ಒಂದೊಂದೇ ಕರ್ಚೀಫು ಹೆಕ್ಕಿ ತಮ್ಮ ಚೀಲಕ್ಕೆ ತುಂಬಿಸಿಕೊಂಡರು. ಊಟದ ಗಂಟೆ ಆಗಿ ಎಲ್ಲರೂ ದಡಬಡ ಮೇಲೆ ಬಂದಾಗ ಬಾಗಿಲಲ್ಲೇ ನಿಂತು ಹೇಳಿದರು:

"ಭಾಷಣದ ಮೇಲೆ ಪ್ರಶ್ನೆ ಕೇಳಿದವರಿಗೆ ಮಾತ್ರ ಕರ್ಚೀಫು. ಕರ್ಚೀಫು ಇದ್ದವರಿಗೆ ಮಾತ್ರ ಕುರ್ಚಿ."

ಒಳಗಿನಿಂದ ಸಾಂಬಾರಿನ ಪರಿಮಳ ಬರುತ್ತಿತ್ತು. ಹಿಂದಿನಿಂದ ಕಾಪುವಿನ ಗುತ್ತಿಗೆದಾರರು ನುಗ್ಗಿ ಬಂದು ಕೈ ಎತ್ತಿದರು.

"ನನ್ನದೊಂದು ಪ್ರಶ್ನೆ ಉಂಟು ಸಾರ್."

"ಕೇಳಿ, ಕೇಳಿ."

"ನನ್ನದು ನೀಲಿ ಅಂಚಿನದ್ದು. ಅದು ಚೀಲದಲ್ಲಿ ಮೇಲೆ ಉಂಟಾ, ಅಡಿಗೆ ಹೋಗಿದೆಯಾ?"

ಇಂದಿನ ವಿಶೇಷ

ಇಷ್ಟೆಲ್ಲ ಆಗುವಾಗ ಬೆಂಗಳೂರಿನವರು ಸುಮ್ಮನೆ ಕೂತಿರಲಿಲ್ಲ. ಮುಖ್ಯ ಕಚೇರಿಯ ದೊಡ್ಡ ಸಾಹೇಬರೊಬ್ಬರು ಮುಂದಿನ ಸಭೆಗೆ ಸ್ವತಃ ಬಂದು ನೋಡುತ್ತಾರೆ, ಶಾಖೆ ಇಡುವುದೋ ಮುಚ್ಚುವುದೋ ಅಲ್ಲಿಯೇ ತೀರ್ಮಾನ ಎಂದು ಸುದ್ದಿ ಬಂತು. ಕಾರ್ಯದರ್ಶಿ ನನ್ನ ಅಂಗಡಿಗೆ ಬಂದು ಕುಸಿದು ಕೂತರು.

"ಧಣಿಗಳೇ, ಈ ಸಲ ಮಾತಾಡಲಿಕ್ಕೆ ಯಾರೂ ಒಪ್ಪುವುದಿಲ್ಲ. ನಾನೇ ಮಾತಾಡುತ್ತೇನೆ. ಕೇಳಲಿಕ್ಕೆ ಜನ ಎಲ್ಲಿಂದ?"

"ವಿಷಯ ಎಂತ?"

"ಸಿಮೆಂಟ್. ಅದು ಗಟ್ಟಿಯಾಗುವಾಗ ಒಳಗೆ ಏನೇನು ನಡೆಯುತ್ತದೆ ಅಂತ."

"ಹೋಟೆಲಿನ ಬೋರ್ಡಿನಲ್ಲಿ ಬರೆಸಿ. ಬಾಗಿಲಲ್ಲಿ ಹೋಗುವ ಬರುವ ಇಂಜಿನಿಯರುಗಳಾದರೂ ಕಾಣಲಿ" ಎಂದೆ.

ಆ ಕಾಲ ಗೊತ್ತಿಲ್ಲದವರಿಗೆ ಒಂದು ಮಾತು. ಆಗ ಸಿಮೆಂಟ್ ಕಂಟ್ರೋಲಿನಲ್ಲಿತ್ತು. ಹಣ ಇದ್ದರೂ ಸಿಗುತ್ತಿರಲಿಲ್ಲ, ತಾಲೂಕು ಕಚೇರಿಯ ಪರ್ಮಿಟ್ ಬೇಕು. ಪರ್ಮಿಟ್ ಹಿಡಿದವರು ಲೋಡು ಬರುವುದನ್ನೇ ತಿಂಗಳುಗಟ್ಟಲೆ ಕಾಯುತ್ತಿದ್ದರು. ಸಭೆಯ ಹಿಂದಿನ ಸಂಜೆ ನನ್ನ ಅಂಗಡಿಗೆ ಒಂದು ಲೋಡು ಬಂದು ಇಳಿಯಿತು. ಅದನ್ನು ಬೀದಿಯಲ್ಲಿ ಕಂಡವರು ಮನೆಗೆ ಹೋಗಿ ಬಾಯಿ ಮುಚ್ಚಿಕೊಂಡು ಮಲಗುವವರಲ್ಲ.

ಮರುದಿನ ಬೆಳಿಗ್ಗೆ ಹೋಟೆಲಿನವರು ದಿನದ ತಿಂಡಿ ಬರೆಯುವ ಕರಿ ಹಲಗೆಯ ಮೇಲೆ ಎಂದಿನ ಹಾಗೆ ಚುಟುಕಾಗಿ ಬರೆದರು. ಇಂದಿನ ವಿಶೇಷ: ಪತ್ರೊಡೆ. ಅದರ ಕೆಳಗೆ, ಮಾಳಿಗೆಯಲ್ಲಿ: ಸಿಮೆಂಟ್, ಹನ್ನೆರಡು ಗಂಟೆಗೆ.

ಹನ್ನೊಂದೂವರೆಗೆ ನಾನು ಮೇಲೆ ಹೋಗಲಿಕ್ಕೆ ಹೊರಟರೆ ಮೆಟ್ಟಿಲಲ್ಲಿ ಕಾಲಿಡಲು ಜಾಗ ಇಲ್ಲ. ಮಲ್ಪೆಯವರು, ಬಜಗೋಳಿಯವರು, ಗಲ್ಫಿನಲ್ಲಿರುವ ಮಗನಿಗೆ ಮನೆ ಕಟ್ಟಿಸುವ ಬಾಯಮ್ಮ ಒಬ್ಬರು, ಎಲ್ಲರ ಕೈಯಲ್ಲೂ ಪರ್ಮಿಟ್. ಕೆಳಗೆ ಬೀದಿಯಲ್ಲಿ ಎತ್ತಿನ ಗಾಡಿಯೂ ನಿಂತಿದೆ. ನನಗೆ ಒಂದೇ ಕ್ಷಣದಲ್ಲಿ ವಿಷಯ ಹೊಳೆಯಿತು. ಬಾಯಿ ತೆರೆಯುವಷ್ಟರಲ್ಲಿ ಬೆಂಗಳೂರಿನ ಸಾಹೇಬರ ಕಾರು ಬಂತು. ಬಾಯಿ ಮುಚ್ಚಿದೆ.

ಕೋಟು, ಟೈ ಹಾಕಿದ ಸಾಹೇಬರು ಜನರ ನಡುವೆ ದಾರಿ ಮಾಡಿಕೊಂಡು ಮೇಲೆ ಬಂದು, "ಇವರೆಲ್ಲ ಭಾಷಣಕ್ಕೆ ಬಂದವರಾ?" ಎಂದು ಕೇಳಿದರು.

"ಸಿಮೆಂಟಿಗೇ ಬಂದವರು ಸಾರ್" ಎಂದೆ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ.

ಕಾರ್ಯದರ್ಶಿ ಮಾತಾಡಿದರು. ಒಬ್ಬನೂ ಏಳಲಿಲ್ಲ, ಕೆಮ್ಮಲಿಲ್ಲ. ಎದ್ದರೆ ಸಾಲು ತಪ್ಪುತ್ತದಲ್ಲ! ನಮ್ಮ ಸದಸ್ಯರು ಕೂರಲು ಜಾಗವಿಲ್ಲದೆ ಗೋಡೆಗೆ ಒರಗಿ ನಿಂತು ಜೀವನದಲ್ಲಿ ಮೊದಲ ಸಲ ಪೂರ್ತಿ ಭಾಷಣ ಕೇಳಿದರು. ಸಾಹೇಬರು ಕರಗಿಹೋದರು. ಎದ್ದು ನಿಂತು, "ಜನಸಾಮಾನ್ಯರಿಗೆ ಸಿಮೆಂಟಿನ ಬಗ್ಗೆ ಇಷ್ಟು ಆಸಕ್ತಿ ನಾನು ಬೆಂಗಳೂರಿನಲ್ಲಿಯೂ ಕಂಡಿಲ್ಲ. ಯಾರಿಗಾದರೂ ಪ್ರಶ್ನೆ ಇದೆಯೇ?" ಎಂದರು.

ಇಡೀ ಸಭೆ ಕೈ ಎತ್ತಿತು, ಪರ್ಮಿಟ್ ಸಮೇತ.

ಮುಂದಿನ ಸಾಲಿನಲ್ಲಿ ಮಲ್ಪೆಯ ಒಬ್ಬರು ಅಜ್ಜಿ ಕೂತಿದ್ದರು. ಕಾದು ಕಾದು ಅವರ ತಾಳ್ಮೆ ಮುಗಿದಿತ್ತು. "ನಮ್ಮದು ಪ್ರಶ್ನೆ ಎಂತದ್ದೂ ಇಲ್ಲ ಮಾರಾಯ್ರೇ. ಇವರು ಹೇಳಿದ್ದು ಆಯ್ತಲ್ಲ, ಇನ್ನು ಮೂಟೆ ಕೊಡಲಿಕ್ಕೆ ಶುರು ಮಾಡಿ."

ಕಾರ್ಯದರ್ಶಿ ಮೇಜು ಹಿಡಿದುಕೊಂಡರು. ಸಾಹೇಬರ ಹುಬ್ಬು ಮೇಲೆ ಹೋಯಿತು. ಇಷ್ಟು ದಿನದ ಊಟ, ಪಾಯಸ, ನನ್ನ ಮುಂದಿನ ವ್ಯಾಪಾರ ಎಲ್ಲ ಆ ಹುಬ್ಬಿನ ಮೇಲೆ ನಿಂತಿತ್ತು. ನಾನು ಎದ್ದೆ.

"ಉಡುಪಿ ಶಾಖೆಯ ಪದ್ಧತಿ ಹೀಗೆ ಸಾರ್. ಮೊದಲು ಥಿಯರಿ, ಆಮೇಲೆ ಪ್ರಾಕ್ಟಿಕಲ್. ಪ್ರಾಕ್ಟಿಕಲ್ ಎದುರಿನ ಅಂಗಡಿಯಲ್ಲಿ, ಈಗಲೇ. ಎಲ್ಲರೂ ಸಾಲಾಗಿ ಬನ್ನಿ."

ಹೇಗೂ ಆ ಲೋಡನ್ನು ಪರ್ಮಿಟ್‌ನವರಿಗೆ ಹಂಚಲೇಬೇಕಿತ್ತು. ಸಭೆ ಸಭೆಯೇ ಎದ್ದು ಕೆಳಗಿಳಿದು ನನ್ನ ಅಂಗಡಿಯ ಮುಂದೆ ಸಾಲು ನಿಂತಿತು. ಸಾಹೇಬರು ಜಗಲಿಯಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದರು. ದೊಡ್ಡ ಹುದ್ದೆಯವರು, ಅವರಿಗೆ ಅರ್ಥವಾಗದೆ ಇರುತ್ತದೆಯೇ? ಆದರೆ ನಗಲಿಲ್ಲ, ಬೈಯಲೂ ಇಲ್ಲ. ಕಾರ್ಯದರ್ಶಿಯ ಬೆನ್ನು ತಟ್ಟಿ, "ಈ ಶಾಖೆ ಮುಚ್ಚುವ ಮಾತೇ ಇಲ್ಲ" ಎಂದರು. ಆಮೇಲೆ ನನ್ನನ್ನು ಬದಿಗೆ ಕರೆದು ದನಿ ತಗ್ಗಿಸಿದರು.

"ಬೆಂಗಳೂರಿನಲ್ಲಿ ನನ್ನದೊಂದು ಸಣ್ಣ ಕೆಲಸ ಅರ್ಧಕ್ಕೆ ನಿಂತಿದೆ. ಸಿಮೆಂಟೇ ಸಿಗುತ್ತಿಲ್ಲ. ಈ ಪ್ರಾಕ್ಟಿಕಲ್‌ನಲ್ಲಿ ಕಾರಿಗೆ ಹಿಡಿಸುವಷ್ಟು ಒಂದೆರಡು ಮೂಟೆ..."

"ಪರ್ಮಿಟ್ ಇಲ್ಲದೆ ಸಾಧ್ಯವೇ ಇಲ್ಲ ಸಾರ್" ಎಂದೆ. "ಆದರೆ ಎಲ್ಲರಿಗೂ ಕೊಟ್ಟಾದ ಮೇಲೆ ನೆಲದ ಮೇಲೆ ಚೆಲ್ಲಿದ್ದನ್ನು ಗುಡಿಸಿ ತುಂಬಿಸುತ್ತೇವೆ. ಅದಕ್ಕೆ ಯಾವ ಕಂಟ್ರೋಲೂ ಇಲ್ಲ. ಬೇಕಾದರೆ ಸಾಲಿಗೆ ನಿಲ್ಲಿ."

ಬೇಡ ಎನ್ನುತ್ತಾರೆ ಎಂದುಕೊಂಡೆ. ಸಾಹೇಬರು ಟೈ ಸರಿಮಾಡಿಕೊಂಡು ಹೋಗಿ ಸಾಲಿನ ಕೊನೆಯಲ್ಲಿ ನಿಂತರು. ಮೆಟ್ಟಿಲು ಇಳಿಯಲು ತಡವಾಗಿ ಅಜ್ಜಿಯೂ ಕೊನೆಗೆ ಬಿದ್ದಿದ್ದರು. ಹಿಂದೆ ಕೋಟಿನವರು ಬಂದು ನಿಂತದ್ದು ನೋಡಿ ಅವರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ಅಳೆದರು.

"ನನ್ನದು ಕಕ್ಕಸಿಗೆ" ಎಂದರು ಅಜ್ಜಿ. "ನಿಮ್ಮದು ಎಂತದಕ್ಕೆ?"

ಸಾಹೇಬರು ಆಚೀಚೆ ನೋಡಿದರು. ಕೇಳಿಸಿಕೊಳ್ಳುವಷ್ಟು ಹತ್ತಿರ ಇದ್ದವನು ನಾನೊಬ್ಬನೇ.

"ನನ್ನದೂ ಅದಕ್ಕೇ ಅಜ್ಜಿ" ಎಂದರು.