ಹನ್ನೆರಡನೇ ಪ್ರಶ್ನೆ

ಎಲ್ಲದಕ್ಕೂ ಕಾರಣ ಆ ಹನ್ನೆರಡನೇ ಪ್ರಶ್ನೆ.

ಐದನೇ ಮಹಡಿಯ ಸಂಶೋಧಕ ಜಾಲತಾಣಗಳಲ್ಲಿ ಸುಳ್ಳುಸುದ್ದಿ ಹೇಗೆ ಹರಡುತ್ತದೆ ಎಂಬುದರ ಮೇಲೆ ಪ್ರಬಂಧ ಬರೆಯುತ್ತಿದ್ದ. ಗಡುವು ಎರಡು ಸಲ ಮೀರಿತ್ತು. ವರ್ಷವಿಡೀ ತಿದ್ದಿದ ಪ್ರಶ್ನಾವಳಿಯನ್ನು ಅಂದು ಬೆಳಿಗ್ಗೆ ಏಳಕ್ಕೆ ಕಟ್ಟಡದ ವಾಟ್ಸಾಪ್ ಗುಂಪಿಗೆ ಹಾಕಿದ. ಹನ್ನೆರಡನೆಯದು ಹೀಗಿತ್ತು: ‘ಲಿಫ್ಟಿನಲ್ಲಿ ಓಡಾಡಿದರೆ ಕೂದಲು ಉದುರುತ್ತದೆ. ಇದು ನಿಜವೋ ಸುಳ್ಳೋ?’ ಇಂಥದ್ದನ್ನು ಯಾರೂ ನಂಬಲಾರರು ಎಂಬ ಧೈರ್ಯದಿಂದಲೇ ಅದನ್ನು ಹೊಸೆದಿದ್ದ.

ಒಂಬತ್ತಕ್ಕೆ ಬಾಗಿಲು ತೆರೆದರೆ, ಎದುರುಮನೆಯ ನಿವೃತ್ತ ಮೇಷ್ಟ್ರು ಮೆಟ್ಟಿಲ ಮೇಲೆ ಕೂತು ತಿದಿಯಂತೆ ಉಸಿರುಬಿಡುತ್ತಿದ್ದರು.

“ಯಾಕ್ ಮೇಷ್ಟ್ರೇ, ಲಿಫ್ಟ್ ಕೆಟ್ಟಿದ್ಯಾ?”

“ಲಿಫ್ಟ್ ಚೆನ್ನಾಗೇ ಇದೆಯಪ್ಪ. ಇನ್ನು ಅದರೊಳಗೆ ಕಾಲಿಡೋರು ಯಾರು? ನಿನ್ನಿಂದ ಉಪಕಾರ ಆಯ್ತು!”

ಅವರ ಫೋನಿನಲ್ಲಿ ದಪ್ಪಕ್ಷರದ ಸಂದೇಶವಿತ್ತು: ‘ಲಿಫ್ಟಿನಲ್ಲಿ ಓಡಾಡಿದರೆ ಕೂದಲು ಉದುರುತ್ತದೆ: ಸಂಶೋಧಕರು.’ ಪ್ರಶ್ನೆಯ ಬಾಲವನ್ನು ಯಾರೋ ಕತ್ತರಿಸಿ ಎಸೆದಿದ್ದರು.

“ಅಯ್ಯೋ, ಅದು ಸುಳ್ಳು ಮೇಷ್ಟ್ರೇ! ನಾನೇ ಕಟ್ಟಿದ್ದು!”

“ಹೆದರ್ಬೇಡ. ನಾವೆಲ್ಲ ನಿನ್ ಹಿಂದೆ ಇದ್ದೀವಿ.”

ಸಂಶೋಧಕ ಕೂಡಲೇ ಗುಂಪಿಗೆ ಸ್ಪಷ್ಟನೆ ಹಾಕಿದ. ನಿಮಿಷದೊಳಗೆ ಉತ್ತರ ಬಂತು: ‘ಪಾಪ, ಲಿಫ್ಟ್ ಕಂಪನಿಯವರು ಬಾಯಿ ಮುಚ್ಚಿಸಿದ್ದಾರೆ.’ ಅದರ ಕೆಳಗೆ ನಲವತ್ತು ಜೋಡಿ ಮುಗಿದ ಕೈಗಳು.

ಕೆಳಗೆ ಓಡಿದ. ಕಟ್ಟಡದ ಕಾರ್ಯದರ್ಶಿ ಲಿಫ್ಟ್ ರಿಪೇರಿಯವನನ್ನೇ ಕರೆಸಿ ಜನರ ಮುಂದೆ ನಿಲ್ಲಿಸಿದ್ದರು.

“ಇಪ್ಪತ್ತು ವರ್ಷದಿಂದ ಲಿಫ್ಟಲ್ಲೇ ಇದ್ದೀನಿ ಸ್ವಾಮಿ. ನನಗೇನಾಗಿದೆ, ನೀವೇ ನೋಡಿ!” ಎಂದು ಅವನು ಬೆವರೊರೆಸಲು ಟೋಪಿ ತೆಗೆದ.

ತಲೆ ಬೆಳಗಿಟ್ಟ ತಟ್ಟೆಯಂತೆ ಫಳಫಳ ಹೊಳೆಯಿತು. ನೆರೆದವರು ಹೌಹಾರಿದರು. ಕಾರ್ಯದರ್ಶಿ ಓಡಿಹೋಗಿ ಲಿಫ್ಟಿನ ಸ್ವಿಚ್ ಆರಿಸಿದರು. ಅವನು ಟೋಪಿ ಹಾಕಿಕೊಳ್ಳುವಷ್ಟರಲ್ಲಿ ಆ ಬೋಳುತಲೆಯ ಫೋಟೊ ಊರೆಲ್ಲ ಸುತ್ತಿತ್ತು.

ಹೆಂಡತಿಯ ಫೋನು ಬಂತು. “ರೀ, ಇಷ್ಟು ದೊಡ್ಡ ವಿಷ್ಯ ಊರಿಗೆಲ್ಲ ಹೇಳಿದ್ಮೇಲೆ ನನಗೆ ಗೊತ್ತಾಗ್ಬೇಕಾ? ಆಫೀಸಲ್ಲಿ ಎಲ್ರೂ ನನ್ನೇ ಕೇಳ್ತಿದ್ದಾರೆ!”

ಇನ್ನು ಉಳಿದಿದ್ದು ಒಂದೇ ದಾರಿ: ಅವನ ಮಾರ್ಗದರ್ಶಕರಾದ ಪ್ರಾಧ್ಯಾಪಕರು. ಸುಳ್ಳುಸುದ್ದಿಯ ಬಗ್ಗೆ ಮೂರು ದಪ್ಪ ಪುಸ್ತಕ ಬರೆದವರು. ಅವರೊಂದು ಮಾತು ಹೇಳಿದರೆ ಜನ ಕೇಳಿಯಾರು. ಎದ್ದೆನೋ ಬಿದ್ದೆನೋ ಎಂದು ವಿಶ್ವವಿದ್ಯಾಲಯಕ್ಕೆ ಓಡಿದ.

ಅಲ್ಲಿ ಲಿಫ್ಟು ಬಾಗಿಲು ತೆರೆದುಕೊಂಡು ಖಾಲಿ ನಿಂತಿತ್ತು. ಪಕ್ಕದ ಮೆಟ್ಟಿಲ ಮೇಲೆ ಪ್ರಾಧ್ಯಾಪಕರು ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದರು.

“ಸರ್... ನೀವೂನಾ?”

“ಸುಳ್ಳೇ ಇರಬಹುದಪ್ಪ. ಆದ್ರೆ ನನಗೆ ಉಳಿದಿರೋದೇ ನಾಲ್ಕು ಕೂದಲು.” ಅವರು ತಲೆ ಸವರಿಕೊಂಡರು. “ನಿನ್ನ ಪ್ರಶ್ನಾವಳಿ ವಾಪಸ್ ತಗೊಂಡು ಮೊದಲಿಂದ ಶುರುಮಾಡು. ಇನ್ಮೇಲೆ ಸುಳ್ಳು ಅಂತ ಸಾಬೀತಾಗಿರೋ ಸುಳ್ಳನ್ನ ಮಾತ್ರ ಹಾಕ್ಬೇಕು, ತಿಳೀತಾ?”

ಸಂಶೋಧಕ ಖಾಲಿ ಲಿಫ್ಟಿನತ್ತ ಕೈಮಾಡಿ ತೋರಿಸಿದ. ಪ್ರಾಧ್ಯಾಪಕರು ಆಗಲೇ ಮುಂದಿನ ಮಹಡಿ ಹತ್ತತೊಡಗಿದ್ದರು.