ಸೋದರಮಾವನ ಲಿವರ್ ಭಕ್ತಿ

ನಮ್ಮ ಸೋದರಮಾವನ ಎದುರು ನೀವು ಕಣ್ಣುಜ್ಜಿಕೊಂಡಿರೋ, ಕೆಟ್ಟಿರಿ! ತಕ್ಷಣ ನಿಮ್ಮ ಕೆಳರೆಪ್ಪೆ ಎಳೆದು, ಕಾಮಾಲೆ ಇದೆಯೇ ಎಂದು ನೋಡಿಬಿಡುತ್ತಾನೆ. ಪರಿಚಯವೇನೂ ಬೇಕಿಲ್ಲ. ಒಮ್ಮೆ ಕುಷ್ಟಗಿ ಬಸ್ಸಿನಲ್ಲಿ ಕಂಡಕ್ಟರನ ಕಣ್ಣನ್ನೇ ಎಳೆದು, "ಕಾಮಣಿ ಇಲ್ರಿ, ನಿದ್ದಿ ಕಡಿಮಿ ಆಗೈತಿ" ಎಂದ. ಕಂಡಕ್ಟರ್ ಬೈಯುವುದು ಬಿಟ್ಟು, "ಹೌದ್ರಿ, ಎರಡು ದಿನದಿಂದ ಡಬಲ್ ಡ್ಯೂಟಿ" ಎನ್ನಬೇಕೇ!

ಮಾವನಿಗೆ ಗಿಣಿಗೇರಾದ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ. ಕೊಪ್ಪಳ ಜಿಲ್ಲೆಯಾದ ಕೆಲವೇ ವರ್ಷಗಳಲ್ಲಿ ನಾನು ಫಾರ್ಮಸಿ ಓದಲು ಸೇರಿದ್ದೆ. ಗಿಡಗಳ ಸಾರದಲ್ಲಿ ಆಮ್ಲಜನಕದಿಂದಾಗುವ ಹಾನಿಯನ್ನು ತಡೆಯುವ ಆಂಟಿಆಕ್ಸಿಡೆಂಟ್‌ಗಳು ಇರುತ್ತವೆ, ಅವು ಲಿವರನ್ನು ಕಾಪಾಡುತ್ತವೆಯೇ ಎಂದು ಇಲಿಗಳ ಮೇಲೆ ಪರೀಕ್ಷಿಸುತ್ತಾರೆ ಎಂದು ಅವನಿಗೊಮ್ಮೆ ಹೇಳಿದೆ. ಹೇಳಿದ್ದೇ ತಪ್ಪಾಯಿತು!

"ಅಂದ್ರ ಲಿವರಿಗೂ ತುಕ್ಕು ಹಿಡೀತೈತಿ ಅನ್ನು! ಕಾಮಣಿಗೆ ಕೊಡೋ ನಮ್ಮ ನೆಲನೆಲ್ಲಿ ಅದಕ್ಕ ರೆಡ್ ಆಕ್ಸೈಡ್ ಬಣ್ಣ ಹಚ್ಚಿದಂಗ!"

ಅಂದಿನಿಂದ ಊರಿಗೆಲ್ಲ ಇದೇ ಪ್ರವಚನ. ಅವನ ಕುಡುಕ ಗೆಳೆಯನೊಬ್ಬ, "ಹಂಗಾರ ನೆಲನೆಲ್ಲಿ ತಿಂದು ಕುಡದ್ರ ನಡೀತೈತಲ್ಲೋ?" ಎಂದು ಕೇಳಿದ. "ಮೊದ್ಲ ನೀ ಮಳ್ಯಾಗ ನಿಂದ್ರೂದು ಬಿಡಪಾ, ಆಮ್ಯಾಲೆ ಬಣ್ಣ ಹಚ್ಚೂಣು" ಎಂದ ಮಾವ.

ಶೇಂಗಾ ಹೊಲದಲ್ಲಿ ನೆಲನೆಲ್ಲಿ ಎಂಬುದು ಬರೀ ಕಸ. ಆದರೆ ಮಾವ ತನ್ನ ಹೊಲದ ಬದುವಿನ ಮೇಲೆ ನಿಂತು, ಕಸ ತೆಗೆಯುವ ಹೆಂಗಸರಿಗೆ "ಅದನ್ನ ಮುಟ್ಟಬ್ಯಾಡ್ರಬೇ!" ಎಂದು ಕೂಗುತ್ತಿದ್ದ. ಕೊನೆಗೆ ಒಬ್ಬಾಕೆ ಕುಡಗೋಲು ಕೆಳಗಿಟ್ಟು, "ಯಣ್ಣಾ, ಕಸಾ ತಗ್ಯಾಕ ಕರಸಿಯೋ, ಪೂಜಿ ಮಾಡಾಕ ಕರಸಿಯೋ?" ಎಂದಳು. ಆ ವರ್ಷ ಶೇಂಗಾಕ್ಕಿಂತ ನೆಲನೆಲ್ಲಿಯೇ ಹುಲುಸಾಗಿ ಬಂತು.

ಇಂಥವನ ಸೊಸೆಗೇ, ಅಂದರೆ ನನಗೇ, ಕಾಮಾಲೆ ಆಯಿತು! ಮೈ ಹಳದಿ, ಅನ್ನ ಕಂಡರೆ ವಾಕರಿಕೆ, ಎದ್ದು ಕೂರುವ ಶಕ್ತಿಯಿಲ್ಲ. ಯಲಬುರ್ಗಾದ ನಮ್ಮ ಮನೆಗೆ ಮಾವ ಸೊಪ್ಪಿನ ಗಂಟು ಹೊತ್ತು ಓಡಿ ಬಂದ. ಇನ್ನು ನನ್ನನ್ನು ಬಿಡುತ್ತಾನೆಯೇ? ಆದರೆ ಅವನು ಗಂಟು ಬಿಚ್ಚದೆ, ಮೊದಲು ನನ್ನನ್ನು ಕೊಪ್ಪಳದ ಡಾಕ್ಟರ ಹತ್ತಿರ ಕರೆದೊಯ್ದ. "ಇದನ್ನ ಅರದು ಕುಡಸಬೌದೇನ್ರಿ?" ಎಂದು ಮಗುವಿನಂತೆ ಕೇಳಿದ.

ರಕ್ತದ ವರದಿ ನೋಡಿದ ಡಾಕ್ಟರು, "ಲಿವರ್ ಭಾಳ ಸೋತೈತ್ರಿ. ಈಗ ಯಾವ ಸೊಪ್ಪಿನ ರಸಾನೂ ಬ್ಯಾಡ" ಎಂದರು.

ಜಗಳವಾಗುತ್ತದೆ ಎಂದು ಜೊತೆಗೆ ಬಂದಿದ್ದ ಅವ್ವ ಮಾವನ ತೋಳು ಹಿಡಿದಳು. ಮಾವ "ಆತ್ರಿ" ಎಂದಷ್ಟೇ ಹೇಳಿ ಗಂಟನ್ನು ಚೀಲಕ್ಕೆ ತುರುಕಿದ. ಕಾರ್ಖಾನೆಗೆ ರಜೆ ಹಾಕಿ ನಮ್ಮಲ್ಲೇ ಉಳಿದ. ನನಗೆ ಎಣ್ಣೆ, ಖಾರ ಯಾವುದೂ ಇಲ್ಲದ ಸಪ್ಪೆ ಊಟ. ತನ್ನ ತಾಟಿಗೂ ಅದನ್ನೇ ಹಾಕಿಸಿಕೊಂಡ. "ನಿನಗೇನಾಗೈತಿ ಅಣ್ಣಾ, ರೊಟ್ಟಿ ತಿನ್ನು" ಎಂದು ಅವ್ವ ಗದರಿದರೆ, "ಕೂಸು ಒಬ್ಬಾಕೀನ ಹೆಂಗ ಸಪ್ಪಂದು ಉಣ್ಣಬೇಕು?" ಎಂದ.

ನಾನು ಗುಣವಾದೆ. ಡಾಕ್ಟರರ ಉಪಕಾರ ದೊಡ್ಡದು, ಮರೆಯಲಾರೆ. ಆದರೆ ಎದುರು ಕೂತು ಸಪ್ಪೆ ಅನ್ನ ಉಂಡವನ ಋಣವನ್ನು ಹೇಗೆ ತೀರಿಸಲಿ?

ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟೆ: "ಮಾಮಾ, ಅವತ್ತು ನಿನ್ನ ನೆಲನೆಲ್ಲಿ ಮ್ಯಾಲೆ ನಿನಗ ಭರವಸಿ ಇರಲಿಲ್ಲೇನು?"

ಮಾವ ಎಂದಿನಂತೆ ನನ್ನ ಕೆಳರೆಪ್ಪೆ ಎಳೆದು ನೋಡಿದ.

"ಭರವಸಿ ಐತೆವ್ವಾ. ಆದ್ರ ಗಿಡ ಭಾಳ ಅದಾವ. ನೀ ಒಬ್ಬಾಕೀನ ಅದಿ."