ಬೈಂಡರ ಭುಜ, ಹೆಂಡತಿಯ ಸಾಕ್ಷಿ

ಬೈಂಡರ ಭುಜದ ಕಥೆ ಕೇಳದವರು ಆ ಕಚೇರಿಯಲ್ಲಿ ಯಾರೂ ಉಳಿದಿರಲಿಲ್ಲ. ಬಾಗಿಲಲ್ಲಿ ಕೂರುವ ಜವಾನನಿಂದ ಹಿಡಿದು ಎದುರಿನ ಜೆರಾಕ್ಸ್ ಅಂಗಡಿಯವನವರೆಗೆ ಎಲ್ಲರಿಗೂ ಅದು ಬಾಯಿಪಾಠ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಇಪ್ಪತ್ತಾರು ವರ್ಷ ಪುಸ್ತಕ ಹೊಲಿದು, ಅಂಟು ಬಳಿದು, ರಟ್ಟು ಕಟ್ಟಿದ ಮನುಷ್ಯ. ಒಂದು ಸೋಮವಾರ ಬೆಳಿಗ್ಗೆ ಮೇಲಿನ ಹಲಗೆಯಿಂದ ಕಾಗದದ ಬಂಡಲ್ ಇಳಿಸುವಾಗ ಬಲಭುಜ ‘ಕಟ್’ ಎಂದಿತು. ಅಷ್ಟೇ. ಎರಡು ಸಾಲಿನ ಕಥೆ. ಈ ಎರಡು ಸಾಲು ಕೇಳಲು ಕಾರ್ಮಿಕ ಪರಿಹಾರದ ಕಚೇರಿಗೆ ಎರಡು ವರ್ಷ ಸಾಲದೆ ಹೋಗಿತ್ತು. ಒಂದು ಸಲ ಅಧಿಕಾರಿಗಳು ರಜೆ, ಒಂದು ಸಲ ವಕೀಲರು ರಜೆ, ಇನ್ನೊಂದು ಸಲ ಎಲ್ಲರೂ ಬಂದಿದ್ದರು, ಫೈಲು ರಜೆ ಹಾಕಿತ್ತು.

ಪ್ರೆಸ್ಸಿನ ಮಾಲೀಕರ ವಾದವೂ ಸರಳವೇ. ಭುಜ ಹೋದದ್ದು ನಿಜ, ಆದರೆ ನಮ್ಮಲ್ಲಿ ಹೋಗಿಲ್ಲ. ಮನೆಯಲ್ಲಿ ಏನನ್ನೋ ಎತ್ತಿ ಉಳುಕಿಸಿಕೊಂಡು ಬಂದು ನಮ್ಮ ತಲೆಗೆ ಕಟ್ಟುತ್ತಿದ್ದಾರೆ ಅಂತ. ಅಧಿಕಾರಿಗಳು ಇದನ್ನು ನಂಬಿಬಿಟ್ಟರೆ ಪರಿಹಾರವೂ ಇಲ್ಲ, ಚಿಕಿತ್ಸೆಯೂ ಇಲ್ಲ. ಕಿವಿಯ ಮಟ್ಟಕ್ಕಿಂತ ಮೇಲೆ ಏಳದ ಕೈ ಇಟ್ಟುಕೊಂಡು ಯಾವ ಪ್ರೆಸ್ಸಿನ ಬಾಗಿಲು ತಟ್ಟುವುದು?

ಕೊನೆಗೂ ಸಾಕ್ಷ್ಯದ ತಾರೀಖು ಬಂತು. ಹಿಂದಿನ ದಿನ ಅವರ ಕಡೆಯ ವಕೀಲಮ್ಮ ಬಿಡಿಸಿ ಬಿಡಿಸಿ ಹೇಳಿದ್ದರು: “ಕೇಳಿದ್ದಕ್ಕೆ ಮಾತ್ರ ಉತ್ತರ. ಹೌದು, ಇಲ್ಲ, ನೆನಪಿಲ್ಲ. ಇಷ್ಟರಲ್ಲೇ ಮುಗಿಸಿ. ಕಥೆ ಕಟ್ಟೋಕೆ ಹೋಗ್ಬೇಡಿ.” ಮನೆಗೆ ಬಂದ ಮೇಲೆ ಹೆಂಡತಿಯೇ ಎದುರು ಪಕ್ಷದ ವಕೀಲಳಾಗಿ ಅಡುಗೆಮನೆಯಲ್ಲಿ ಪಾಟೀಸವಾಲು ಶುರು ಮಾಡಿದಳು. ಕೈಯಲ್ಲಿ ಸೌಟು ಬೇರೆ.

“ಬಂಡಲ್ ಎಷ್ಟು ಎತ್ತರದಲ್ಲಿತ್ತು?”

“ತಲೆಗಿಂತ ಮೇಲೆ.”

“ಸರಿ. ಕಳೆದ ವಾರ ನಾನು ಅಕ್ಕನ ಮನೆಗೆ ಹೋದಾಗ ನಲ್ಲಿ ತಿರುಗಿಸಿ ಹಾಗೇ ಬಿಟ್ಟು ಮಲಗಿದ್ದು ಯಾರು?”

“ನೆನಪಿಲ್ಲ.”

“ರೀ! ಆ ಉತ್ತರ ಕೋರ್ಟಿಗೆ. ಮನೇಲಿ ನಡೆಯಲ್ಲ.”

ಮಾರನೆಯ ದಿನ ಹೊರಟರು. ಇಬ್ಬರೇ ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಧೈರ್ಯಕ್ಕಿರಲಿ ಎಂದು ಹೆಂಡತಿ ತನ್ನ ಅಕ್ಕನನ್ನೂ ಭಾವನನ್ನೂ ಕರೆಸಿದ್ದಳು. ಭಾವ ಎಂದರೆ ಬೈಂಡರಿಗೆ ಷಡ್ಡಕ. (ಷಡ್ಡಕ ಎನ್ನುವ ಸಂಬಂಧವನ್ನು ದೇವರು ಯಾಕೆ ಸೃಷ್ಟಿಸಿದನೋ! ಅಣ್ಣನಲ್ಲ, ತಮ್ಮನಲ್ಲ, ಗೆಳೆಯನಲ್ಲ. ನಿಮ್ಮ ಹೆಂಡತಿಗೆ ನಿಮ್ಮನ್ನು ಹೋಲಿಸಿ ನೋಡಲು ಒಂದು ಅಳತೆಗೋಲು.) ಈ ಮಹಾನುಭಾವರು ಎದ್ದ ಕೂಡಲೇ ಹಾಸಿಗೆ ಮಡಿಸುವವರು, ತರಕಾರಿ ಹೆಚ್ಚುವವರು, ಹೆಂಡತಿಗೆ ತಲೆನೋವು ಎಂದರೆ ತಾವೇ ಅಡುಗೆಗೆ ನಿಲ್ಲುವವರು. “ನಮ್ಮ ಭಾವ ನೋಡಿ” ಎಂಬ ಮಾತನ್ನು ಬೈಂಡರು ಮದುವೆಯಾದಾಗಿನಿಂದ ದಿನಕ್ಕೊಂದು ಸಲವಾದರೂ ಕೇಳಿದ್ದರು. ಎರಡು ಸಲ ಕೇಳಿದ ದಿನಗಳೂ ಬೇಕಾದಷ್ಟಿದ್ದವು.

ವಿಚಾರಣೆಯ ಕೋಣೆ ಚಿಕ್ಕದು. ಒಂದು ಮೇಜು, ದಾರ ಕಟ್ಟಿದ ಫೈಲುಗಳ ರಾಶಿ, ಗಾಳಿಗಿಂತ ಸದ್ದನ್ನೇ ಹೆಚ್ಚು ಕೊಡುವ ಫ್ಯಾನು, ಮೂಲೆಯಲ್ಲಿ ಟೈಪಿಸ್ಟು, ಗೋಡೆಗೊಂದು ಬೆಂಚು. ಬೆಂಚಿನ ಮೇಲೆ ಹೆಂಡತಿ, ಅಕ್ಕ, ಭಾವ ಸಾಲಾಗಿ ಕೂತರು. ಬೈಂಡರು ಪ್ರಮಾಣ ಮಾಡಿ, ಎರಡು ಸಾಲಿನ ಕಥೆಯನ್ನು ಎರಡೇ ಸಾಲಿನಲ್ಲಿ ಹೇಳಿದರು. ವಕೀಲಮ್ಮನ ಮುಖ ಅರಳಿತು. ಆಮೇಲೆ ಪ್ರೆಸ್ಸಿನ ವಕೀಲರು ಎದ್ದರು. ತೆಳ್ಳಗಿನ ಮನುಷ್ಯ, ಮೆತ್ತಗಿನ ದನಿ.

“ಮನೆಗೆಲಸದಲ್ಲಿ ಹೆಂಡತಿಗೆ ಸಹಾಯ ಮಾಡ್ತೀರಾ?”

‘ಇಲ್ಲ’ ಎಂದಿದ್ದರೆ ಕೇಸು ಅಲ್ಲಿಗೆ ಮುಗಿಯುತ್ತಿತ್ತು. ಅದು ಸತ್ಯವೂ ಆಗಿತ್ತು, ಅವರಿಗೆ ಅನುಕೂಲವೂ ಆಗಿತ್ತು. ಜೀವನದಲ್ಲಿ ಇವೆರಡೂ ಒಟ್ಟಿಗೆ ಬರುವುದೇ ಅಪರೂಪ. ‘ಇಲ್ಲ’ ಎನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಕಣ್ಣು ಬೆಂಚಿನ ಕಡೆ ಹೊರಳಿತು. ಷಡ್ಡಕರು ಕಾಲ ಮೇಲೆ ಕಾಲು ಹಾಕಿ ಕೂತು, ಪಾಪ ಎನ್ನುವ ಹಾಗೆ ಸಣ್ಣಗೆ ನಗುತ್ತಿದ್ದರು.

“ಮಾಡ್ತೀನಿ ಸ್ವಾಮಿ,” ಎಂದರು ಬೈಂಡರು.

“ಏನೇನು?”

“ಎಲ್ಲಾ! ನೀರು ತುಂಬಿಸ್ತೀನಿ, ಪಾತ್ರೆ ತೊಳೀತೀನಿ, ನೆಲ ಒರೆಸ್ತೀನಿ.” ಷಡ್ಡಕರ ನಗು ಹೋಗಿ ಹುಬ್ಬು ಮೇಲೇರಿತು. ಅದನ್ನು ಕಂಡು ಬೈಂಡರಿಗೆ ಇನ್ನಷ್ಟು ಹುರುಪು ಬಂತು. “ಕಬ್ಬಿಣದ ಬೀರು ಇದೆಯಲ್ಲ, ಅದನ್ನ ಪಕ್ಕಕ್ಕೆ ಎಳೆದು ಹಿಂದೆಲ್ಲಾ ಗುಡಿಸ್ತೀನಿ. ಒಬ್ಬನೇ!”

“ಭಲೇ,” ಎಂದರು ವಕೀಲರು, ಮತ್ತಷ್ಟು ಮೆತ್ತಗೆ. “ವರ್ಷಕ್ಕೊಂದು ಸಲ ಇರಬೇಕು?”

“ವರ್ಷಕ್ಕಾ? ಪ್ರತಿ ಭಾನುವಾರ. ಒಂದು ಭಾನುವಾರವೂ ತಪ್ಪಿಸಿದವನಲ್ಲ!”

“ನಿಮ್ಮ ಭುಜ ನೋಯಲು ಶುರುವಾದದ್ದು ಸೋಮವಾರ ಬೆಳಿಗ್ಗೆ. ಅಲ್ಲವೇ?”

ಫ್ಯಾನಿನ ಸದ್ದಿನ ನಡುವೆ ಟೈಪಿಸ್ಟರ ಬೆರಳುಗಳು ಟಕಟಕ ಓಡಿ, ಭಾನುವಾರವನ್ನೂ ಬೀರುವನ್ನೂ ಕಾಗದಕ್ಕೆ ಇಳಿಸಿ ನಿಂತವು.

“ಸ್ವಾಮಿ, ಅದೊಂದು ಅಳಿಸಿಬಿಡಿ,” ಎಂದು ಬೈಂಡರು ತಲೆಯ ಮೇಲೆ ಕೈಯೆತ್ತಿ ಮುಗಿಯಲು ಹೋದರು. ಬಲಗೈ ಕಿವಿಯ ಹತ್ತಿರವೇ ನಿಂತಿತು.

“ಪ್ರಮಾಣ ಮಾಡಿ ಹೇಳಿದ್ದು ಅಳಿಸೋಕಾಗಲ್ಲ,” ಎಂದರು ಅಧಿಕಾರಿಗಳು. ಅವರೂ ದಣಿದ ಮನುಷ್ಯರೇ. ದಿನವಿಡೀ ಮುರಿದ ಬೆರಳು, ಉಳುಕಿದ ಸೊಂಟಗಳ ಕಥೆ ಕೇಳಿ ಕೇಳಿ ಅವರ ಬೆನ್ನೇ ಬಾಗಿತ್ತು.

ಬೆಂಚಿನ ಮೇಲಿಂದ ಹೆಂಡತಿ ಎದ್ದು ನಿಂತಳು. “ಇವರು ಹೇಳಿದ್ದೆಲ್ಲಾ ಸುಳ್ಳು ಸ್ವಾಮಿ! ಬೀರು ಎಲ್ಲಿದೆ ಅಂತ ಕೇಳಿ ನೋಡಿ, ಅದೂ ಗೊತ್ತಿಲ್ಲ ಇವರಿಗೆ!”

ಅಲ್ಲಿಂದ ಶುರುವಾಯಿತು ನೋಡಿ ಕಾನೂನಿನ ಕುರುಕ್ಷೇತ್ರ. ಈಕೆಯನ್ನೇ ಸಾಕ್ಷಿಯಾಗಿ ಕರೆಯುತ್ತೇವೆ ಎಂದರು ವಕೀಲಮ್ಮ. ಸಾಕ್ಷಿಗಳ ಪಟ್ಟಿಯಲ್ಲಿ ಈಕೆಯ ಹೆಸರೇ ಇಲ್ಲ ಎಂದರು ಪ್ರೆಸ್ಸಿನ ವಕೀಲರು. ಸೇರಿಸಲು ಅರ್ಜಿ ಕೊಡುತ್ತೇವೆ ಎಂದರು ಇವರು. ಸಾಕ್ಷಿಯಾಗುವವರು ಬೇರೆ ಸಾಕ್ಷಿಯ ಹೇಳಿಕೆ ನಡೆಯುವಾಗ ಹೊರಗಿರಬೇಕು, ಈಕೆ ಒಳಗೆ ಕೂತು ಎಲ್ಲಾ ಕೇಳಿಸಿಕೊಂಡಿದ್ದಾರೆ ಎಂದರು ಅವರು. ಆಗ ಆಕೆ ಸಾಕ್ಷಿಯಾಗಿರಲಿಲ್ಲ, ಬರೀ ಹೆಂಡತಿಯಾಗಿದ್ದರು ಎಂದರು ಇವರು. ಬೈಂಡರು ಹೇಳಿಕೆ ಕೊಟ್ಟದ್ದು ಹತ್ತು ನಿಮಿಷ. ಅದರ ಮೇಲಿನ ತಕರಾರು ಮುಕ್ಕಾಲು ಗಂಟೆ. ನಡುವೆ ಬೈಂಡರು ನಿಂತೇ ಇದ್ದರು, ಕೂತುಕೊಳ್ಳಿ ಎಂದು ಯಾರೂ ಹೇಳಲಿಲ್ಲ.

“ಈಕೆ ಗಂಡ ಹೇಳಿಕೊಟ್ಟ ಹಾಗೆ ಹೇಳ್ತಾರೆ ಸರ್!” ಎಂದು ಕೊನೆಯ ಬಾಣ ಬಿಟ್ಟರು ಪ್ರೆಸ್ಸಿನ ವಕೀಲರು.

ಅಧಿಕಾರಿಗಳು ಬೈಂಡರನ್ನು ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತ ಹೆಂಡತಿಯನ್ನು ನೋಡಿದರು. “ಆ ಭಯ ಬೇಡ,” ಎಂದರು. “ತಕರಾರು ಬರೆದುಕೊಂಡು ಅರ್ಜಿ ಒಪ್ಪಿದೆ. ಮುಂದಿನ ತಾರೀಖಿಗೆ ಈಕೆಯ ಸಾಕ್ಷ್ಯ.”

ಮುಂದಿನ ತಾರೀಖಿನವರೆಗೆ ಮನೆಯಲ್ಲಿ ನಡೆದದ್ದನ್ನು ವಿವರಿಸಲು ನನಗೆ ಶಕ್ತಿ ಇಲ್ಲ, ಕೇಳಲು ನಿಮಗೂ ಇರಲಾರದು. ಒಂದೇ ಮಾತು ಸಾಕು: ಆ ಮೂರು ವಾರ ಬೈಂಡರು ಉಸಿರಾಡಿದ್ದೂ ಹೆಂಡತಿಗೆ ತೊಂದರೆಯಾಗದ ಹಾಗೆ.

ಆ ದಿನ ಆಕೆ ಇಸ್ತ್ರಿ ಸೀರೆಯುಟ್ಟು ಬಂದಳು. ಮದುವೆಯಾಗಿ ಇಪ್ಪತ್ತೆರಡು ವರ್ಷ ಗೋಡೆಗೆ ಹೇಳಿಕೊಂಡದ್ದನ್ನು ಈಗ ಸರ್ಕಾರವೇ ಕೂರಿಸಿಕೊಂಡು ಕೇಳುತ್ತೇನೆ ಎನ್ನುತ್ತಿದೆ. ಟೈಪು ಬೇರೆ ಮಾಡಿಕೊಳ್ಳುತ್ತದೆ. ಆಕೆಯ ಮುಖದಲ್ಲಿ ಅಂಥ ಕಳೆಯನ್ನು ಬೈಂಡರು ಮದುವೆಯ ದಿನವೂ ನೋಡಿರಲಿಲ್ಲ.

“ಬೀರು ಇಪ್ಪತ್ತೆರಡು ವರ್ಷದಲ್ಲಿ ಎರಡು ಸಲ ಅಲ್ಲಾಡಿದೆ ಸ್ವಾಮಿ. ಅಂಗಡಿಯಿಂದ ಬಂದಾಗ ಒಂದು ಸಲ, ಸುಣ್ಣ ಹೊಡೆಸಿದಾಗ ಒಂದು ಸಲ. ಎರಡು ಸಲವೂ ಕೂಲಿಯವರೇ ಎತ್ತಿದ್ದು. ಇವರು ‘ಹುಷಾರು, ಹುಷಾರು’ ಅಂತ ಹೇಳ್ತಾ ನಿಂತಿದ್ರು.”

“ಆ ಭಾನುವಾರ ಇವರು ಏನು ಮಾಡುತ್ತಿದ್ದರು?” ಎಂದು ವಕೀಲಮ್ಮ ಕೇಳಿದರು.

“ಮಲಗಿದ್ರು. ಊಟಕ್ಕೆ ಎದ್ರು. ಮತ್ತೆ ಮಲಗಿದ್ರು. ನಾನು ಅವರ ಸುತ್ತ ಗುಡಿಸಿದೆ.”

ಪ್ರೆಸ್ಸಿನ ವಕೀಲರು ಪುಟಿದೆದ್ದರು. “ಎರಡು ವರ್ಷದ ಹಿಂದಿನ ಒಂದು ಭಾನುವಾರ ನಿಮಗೆ ಇಷ್ಟು ಸ್ಪಷ್ಟವಾಗಿ ಹೇಗೆ ನೆನಪಿದೆ?”

“ಎಲ್ಲಾ ಭಾನುವಾರವೂ ಅದೇ ಆದಾಗ ನೆನಪಿಟ್ಟುಕೊಳ್ಳೋಕೆ ಏನು ಕಷ್ಟ ಸ್ವಾಮಿ?”

“ಅಂದರೆ ನಿಮ್ಮ ಗಂಡ ಪ್ರಮಾಣ ಮಾಡಿ ಸುಳ್ಳು ಹೇಳಿದ್ದಾರೆ. ಬೀರುವಿನ ಬಗ್ಗೆ ಸುಳ್ಳು ಹೇಳಿದವರು ಭುಜದ ಬಗ್ಗೆ ಯಾಕೆ ಹೇಳಬಾರದು?”

ವಕೀಲಮ್ಮ ಪೆನ್ನು ಕೆಳಗಿಟ್ಟರು. ಹೆಂಡತಿ ಮಾತ್ರ ಅಳುಕದೆ ಹೇಳಿದಳು: “ಅದು ಸುಳ್ಳಲ್ಲ ಸ್ವಾಮಿ, ಜಂಬ. ಬೆಂಚಿನ ಮೇಲೆ ನಮ್ಮ ಭಾವ ಕೂತಿದ್ರಲ್ಲ.”

“ಭಾವ ಅಂದ್ರೆ, ಇವರ ಷಡ್ಡಕರಾ?” ಎಂದು ಅಧಿಕಾರಿಗಳು ತಲೆಯೆತ್ತಿದರು.

“ಹೌದು ಸ್ವಾಮಿ. ಮನೆಗೆಲಸ ಎಲ್ಲಾ ಮಾಡ್ತಾರೆ.”

“ನಮಗೂ ಒಬ್ಬರಿದ್ದಾರೆ,” ಎಂದು ಅಧಿಕಾರಿಗಳು ದೀರ್ಘವಾಗಿ ಉಸಿರುಬಿಟ್ಟು, ಟೈಪಿಸ್ಟರ ಕಡೆ ತಿರುಗಿದರು. “ಇದನ್ನ ಹಾಕಬೇಡಿ.”

ಆದರೆ ಹೆಂಡತಿ ಇನ್ನೂ ಮುಗಿಸಿರಲಿಲ್ಲ. ಅವಳ ದನಿ ತಗ್ಗಿತು. “ಆ ಸೋಮವಾರ ಸಂಜೆ ಮನೆಗೆ ಬಂದವರು ಬಾಗಿಲಲ್ಲೇ ನಿಂತರು. ಶರ್ಟು ಬಿಚ್ಚೋಕೆ ಆಗಲಿಲ್ಲ ಇವರಿಗೆ. ಕತ್ತರಿ ತಂದು ಅದರ ತೋಳು ಕತ್ತರಿಸಿ ಬಿಚ್ಚಿದೆ. ಹೊಸ ಶರ್ಟು ಸ್ವಾಮಿ. ಅಲ್ಲಿವರೆಗೆ ಇವರ ಶರ್ಟನ್ನ ಇವರೇ ಬಿಚ್ಚಿಕೊಳ್ತಿದ್ರು. ಮನೇಲಿ ಇವರು ಮಾಡ್ತಾ ಇದ್ದ ಕೆಲಸ ಅದೊಂದೇ. ಅದೂ ಹೋಯ್ತಲ್ಲ ಅಂತ ಆವತ್ತು ಅತ್ತುಬಿಟ್ಟೆ.”

ಯಾರೂ ನಗಲಿಲ್ಲ. ಪ್ರೆಸ್ಸಿನ ವಕೀಲರು ಕಾಗದ ತಿರುವಿ ಹಾಕಿ, “ಬೇರೆ ಪ್ರಶ್ನೆ ಇಲ್ಲ,” ಎಂದು ಕೂತರು. ಬೈಂಡರು ತಲೆ ತಗ್ಗಿಸಿದರು. ನಾಚಿಕೆಯಾಯಿತು, ಜೊತೆಗೆ ಹೆಂಡತಿಯ ಮೇಲೆ ಎಂದೂ ಇಲ್ಲದ ಮಮತೆ ಉಕ್ಕಿ ಬಂತು. ಅವಳಿಗೆ ಗೊತ್ತಾಗಬಾರದೆಂದು ಕೆಮ್ಮಿದರು.

ತಿಂಗಳ ಮೇಲೆ ತೀರ್ಪು ಬಂತು. ಮನೆಗೆಲಸದ ಬಗ್ಗೆ ಅರ್ಜಿದಾರರ ಮಾತು ನಂಬಲರ್ಹವಲ್ಲ. ಅವರ ಹೆಂಡತಿಯ ಮಾತು ಸಂಪೂರ್ಣ ನಂಬಲರ್ಹ. ಅರ್ಜಿದಾರರು ಮನೆಯಲ್ಲಿ ಯಾವುದೇ ವಸ್ತುವನ್ನು ಎತ್ತಿದವರಲ್ಲವಾದ್ದರಿಂದ ಭುಜ ಹೋದದ್ದು ಪ್ರೆಸ್ಸಿನಲ್ಲೇ. ಪರಿಹಾರವೂ ಉಂಟು, ಗುಣವಾಗುವ ತನಕ ಮಾಲೀಕರ ಖರ್ಚಿನಲ್ಲಿ ಚಿಕಿತ್ಸೆಯೂ ಉಂಟು. ಬೈಂಡರಿಗೆ ಕುಣಿಯುವಷ್ಟು ಸಂತೋಷ. ಅಷ್ಟರಲ್ಲಿ ಪ್ರೆಸ್ಸಿನ ವಕೀಲರು ಎದ್ದು ಮೆತ್ತಗೆ ಒಂದು ಬಿನ್ನಹ ಮಾಡಿದರು.

“ಸರ್, ದಿನಾ ವ್ಯಾಯಾಮ ಮಾಡಿದರೆ ಮಾತ್ರ ಭುಜ ಸರಿಯಾಗುತ್ತದೆ ಅಂತ ಡಾಕ್ಟರ ವರದಿ ಇದೆ. ಇವರ ಭಾನುವಾರಗಳು ಹೇಗಿರುತ್ತವೆ ಅಂತ ತಮ್ಮ ತೀರ್ಪಿನಲ್ಲೇ ಇದೆ. ಹೀಗೇ ಮಲಗಿದರೆ ನಮ್ಮ ಕಕ್ಷಿದಾರರು ಎಷ್ಟು ವರ್ಷ ಚಿಕಿತ್ಸೆ ಕೊಡಿಸಬೇಕು?”

“ನ್ಯಾಯವಾದ ಮಾತು,” ಎಂದರು ಅಧಿಕಾರಿಗಳು. ಡಾಕ್ಟರ ಪಟ್ಟಿಯನ್ನು ತರಿಸಿ ಜೋರಾಗಿ ಓದಿದರು: ಬಟ್ಟೆ ಹಿಡಿದು ಗೋಡೆಯನ್ನು ಗುಂಡಗೆ ಉಜ್ಜುವುದು, ಹಗುರವಾದ ಪಾತ್ರೆಗಳನ್ನು ಶೆಲ್ಫಿನ ಮೇಲೆ ಇಡುವುದು ಇಳಿಸುವುದು, ಕೈ ಮೇಲೆತ್ತಿ ತಂತಿಯ ಮೇಲೆ ಒದ್ದೆ ಬಟ್ಟೆ ಹರವುವುದು. ದಿನಕ್ಕೆರಡು ಸಲ. ಆಮೇಲೆ ತಮ್ಮ ಆದೇಶ ಸೇರಿಸಿದರು: ಇದನ್ನೆಲ್ಲ ಮಾಡಿದ್ದಾರೆಂದು ತಿಂಗಳಿಗೊಮ್ಮೆ ಈ ಕಚೇರಿಗೆ ಲಿಖಿತ ವರದಿ ಬರಬೇಕು. ಬರದಿದ್ದರೆ ಚಿಕಿತ್ಸೆಯ ಖರ್ಚು ನಿಲ್ಲುತ್ತದೆ.

“ವರದಿಗೆ ಸಹಿ ಯಾರದು ಸರ್?” ಎಂದರು ವಕೀಲಮ್ಮ.

“ಈ ಕಚೇರಿ ನಂಬಲರ್ಹ ಅಂತ ಒಪ್ಪಿಕೊಂಡವರು ಆ ಮನೆಯಲ್ಲಿ ಒಬ್ಬರೇ ಇರೋದು,” ಎಂದರು ಅಧಿಕಾರಿಗಳು.

ಮಾರನೆಯ ಬೆಳಿಗ್ಗೆಯೇ ಜಾರಿ ಶುರುವಾಯಿತು. ಮೊದಲು ಅಡುಗೆಮನೆಯ ಗೋಡೆ, ಆಮೇಲೆ ಡಬ್ಬಿಗಳು, ಆಮೇಲೆ ಹಿತ್ತಲಿನ ತಂತಿ. ಎರಡು ಟವೆಲ್ ಹರವುವಷ್ಟರಲ್ಲಿ ಬೈಂಡರ ಹಣೆಯಲ್ಲಿ ಬೆವರು ಇಳಿಯಿತು.

“ಇವತ್ತಿಗೆ ಸಾಕು ಕಣೇ, ತುಂಬಾ ನೋಯ್ತಿದೆ.”

“ಹಾಗೇ ಬರೀಲಾ?” ಎಂದು ಹೆಂಡತಿ ಮೆಟ್ಟಿಲ ಮೇಲೆ ಕೂತು ಪೆನ್ನಿನ ಮುಚ್ಚಳ ತೆಗೆದಳು. ಅವಳ ಎದುರಿಗೆ ಟೀ ಲೋಟವಿತ್ತು. ಅವಳು ಬೆಳಗಿನ ಹೊತ್ತು ಕೂತು ಟೀ ಕುಡಿದದ್ದನ್ನು ಬೈಂಡರು ಈವರೆಗೆ ಕಂಡಿರಲಿಲ್ಲ.

ಅವಳು ಲೋಟ ಇಡಲು ಒಳಗೆ ಹೋದದ್ದೇ ತಡ, ಬೈಂಡರು ಎಡಗೈಯಿಂದ ಫೋನು ತೆಗೆದು ವಕೀಲಮ್ಮನಿಗೆ ಹಚ್ಚಿದರು. “ಅಮ್ಮಾ, ಈ ತೀರ್ಪಿನ ಮೇಲೆ ಅಪೀಲು ಹೋಗಬಹುದಲ್ವಾ?”

“ನೀವ್ಯಾಕೆ ಹೋಗ್ತೀರಿ?” ವಕೀಲಮ್ಮನಿಗೆ ಆಶ್ಚರ್ಯ. “ಕೇಳಿದ್ದೆಲ್ಲಾ ಸಿಕ್ಕಿದೆ. ಗೆದ್ದವರಿಗೆ ಅಪೀಲಿಲ್ಲ.”

ಬೈಂಡರು ಫೋನು ಜೇಬಿಗೆ ಹಾಕಿಕೊಂಡರು. ಬಕೆಟ್ಟಿನಿಂದ ಹೆಂಡತಿಯ ಸೀರೆಯನ್ನು ತೆಗೆದು, ಹಿಂಡಿ, ಬಲಗೈ ಏಳುವಷ್ಟು ಎತ್ತಿ, ಇನ್ನೂ ಸ್ವಲ್ಪ ಎತ್ತಿ, ತಂತಿಗೆ ಹಾಕಿದರು.